ಮಗುವಿನ ತೂಕ, ಸಿಸ್ಟರ್ ಕೈಯ ಸಿರಿಂಜು

ಅಡ್ರಿನಲಿನ್ ಎಂಬ ಔಷಧದ ಒಂದು ಆಂಪೂಲಿನಲ್ಲಿ ಇರುವುದು ಒಂದೇ ಮಿಲಿಲೀಟರ್ ದ್ರವ, ಅದರಲ್ಲಿ ಒಂದು ಮಿಲಿಗ್ರಾಂ ಔಷಧ. ದೊಡ್ಡವರ ಹೃದಯ ನಿಂತುಹೋದಾಗ ಅಷ್ಟನ್ನೂ ಒಂದೇ ಸಲಕ್ಕೆ ರಕ್ತನಾಳಕ್ಕೆ ಕೊಡುತ್ತಾರೆ. ಹತ್ತು ಕಿಲೋ ತೂಕದ ಮಗುವಿಗೆ ಬೇಕಾದದ್ದು ಅದರ ಹತ್ತನೆಯ ಒಂದು ಪಾಲು. ಮೂರು ಕಿಲೋ ಕೂಸಿಗೆ ನೂರರಲ್ಲಿ ಮೂರು ಪಾಲು. ಆದರೆ ಆಂಪೂಲ್ ಎಲ್ಲರಿಗೂ ಒಂದೇ. ದೊಡ್ಡವರ ಅಳತೆಗೆ ತುಂಬಿಸಿ ಬಂದ ಆ ಗಾಜಿನ ಆಂಪೂಲಿನಿಂದ ಮಗುವಿನ ಪಾಲನ್ನಷ್ಟೇ ಎಳೆದು ತೆಗೆಯುವ ಕೈ ಬಹುಮಟ್ಟಿಗೆ ನರ್ಸಿನದು. ಆ ಕೈಗೆ ಏನು ಗೊತ್ತಿರಬೇಕು, ಅದನ್ನು ಕಲಿಸುವ ಹೊಣೆ ಯಾರದು ಎಂಬುದರ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮಕ್ಕಳ ತುರ್ತು ವಿಭಾಗದಲ್ಲಿ ಬಹಳ ಕಾಲ ನರ್ಸ್ ಆಗಿ ದುಡಿದು, ಈಗ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿರುವವಳು ನಾನು.

ವಾರ್ಡಿನಲ್ಲಿ ಔಷಧ ಕೊಡುವುದಕ್ಕೂ ಕ್ಯಾಷುಯಾಲ್ಟಿಯಲ್ಲಿ ಕೊಡುವುದಕ್ಕೂ ಬಹಳ ವ್ಯತ್ಯಾಸವಿದೆ. ವಾರ್ಡಿನಲ್ಲಿ ಡಾಕ್ಟರು ಕೇಸ್ ಶೀಟಿನಲ್ಲಿ ಬರೆದಿರುತ್ತಾರೆ, ಫಾರ್ಮಸಿಯವರು ಒಮ್ಮೆ ನೋಡಿರುತ್ತಾರೆ, ಸಂದೇಹ ಬಂದರೆ ಪುಸ್ತಕ ತೆಗೆದು ನೋಡುವಷ್ಟು ಹೊತ್ತು ಇರುತ್ತದೆ. ಕ್ಯಾಷುಯಾಲ್ಟಿಯಲ್ಲಿ ಡಾಕ್ಟರ ಎರಡೂ ಕೈ ಮಗುವಿನ ಉಸಿರಾಟದ ಮೇಲಿರುತ್ತವೆ. ಔಷಧದ ಹೆಸರು, ಪ್ರಮಾಣ ಎರಡೂ ಬಾಯಿಮಾತಿನಲ್ಲೇ ಬರುತ್ತವೆ. ಪಕ್ಕದಲ್ಲಿ ತಾಯಿ ಅಳುತ್ತಿರುತ್ತಾಳೆ, ಬಾಗಿಲಲ್ಲಿ ಹತ್ತು ಜನ ನಿಂತಿರುತ್ತಾರೆ. ಆ ಗದ್ದಲದಲ್ಲಿ ನರ್ಸ್ ಮಗುವಿನ ತೂಕವನ್ನು ಮಿಲಿಗ್ರಾಮಿಗೆ ತಿರುಗಿಸಬೇಕು, ಮಿಲಿಗ್ರಾಮನ್ನು ಮಿಲಿಲೀಟರಿಗೆ ತಿರುಗಿಸಬೇಕು, ಬೇಕಾದರೆ ನೀರು ಬೆರೆಸಿ ತೆಳುವಾಗಿಸಬೇಕು, ಸರಿಯಾದ ಸಿರಿಂಜಿಗೆ ಎಳೆಯಬೇಕು, ಸರಿಯಾದ ವೇಗದಲ್ಲಿ ಕೊಡಬೇಕು. ಬೇರೆ ಕಡೆ ಮೂರು ನಾಲ್ಕು ಜನ ಹಂಚಿಕೊಳ್ಳುವ ಕೆಲಸ ಇಲ್ಲಿ ಒಬ್ಬಳ ಪಾಲಿಗೆ ಬರುತ್ತದೆ.

ಮೊದಲು ತೂಕ. ಇದು ಚಿಕ್ಕ ವಿಷಯವಲ್ಲ. ತೂಕ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ಎಷ್ಟು ಶುದ್ಧವಾಗಿದ್ದರೂ ತಪ್ಪೇ. ಮಗುವನ್ನು ತೂಗಲು ಸಮಯವಿಲ್ಲದಿದ್ದಾಗ ವಯಸ್ಸಿನಿಂದ ತೂಕ ಅಂದಾಜು ಮಾಡುವ ಒಂದು ಸೂತ್ರವಿದೆ: ವಯಸ್ಸಿಗೆ ನಾಲ್ಕು ಸೇರಿಸಿ ಎರಡರಿಂದ ಗುಣಿಸುವುದು. ನಾಲ್ಕು ವರ್ಷದ ಮಗುವಿಗೆ ಹದಿನಾರು ಕಿಲೋ. ಪುಸ್ತಕದಲ್ಲಿ ಸರಿ. ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳಿಗೆ ಈ ಲೆಕ್ಕ ಹೊಂದುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರಕ್ಕೊಂದು ಮಗು ವಯಸ್ಸಿಗೆ ತಕ್ಕ ತೂಕ ಹೊಂದಿರಲಿಲ್ಲ. ನಾಲ್ಕು ವರ್ಷಕ್ಕೆ ಹನ್ನೊಂದು, ಹನ್ನೆರಡು ಕಿಲೋ ಇರುವ ಮಗು ನಮಗೆ ಅಪರೂಪವಲ್ಲ. ಅಂಥ ಮಗುವಿಗೆ ಹದಿನಾರು ಕಿಲೋ ಲೆಕ್ಕದಲ್ಲಿ ನಿದ್ದೆ ತರುವ ಔಷಧ ಕೊಟ್ಟರೆ ಉಸಿರು ನಿಲ್ಲುವ ಅಪಾಯ ಇದ್ದೇ ಇದೆ.

ಅಮೆರಿಕದಲ್ಲಿ ಜೇಮ್ಸ್ ಬ್ರೊಸೆಲೋ ಎಂಬ ಡಾಕ್ಟರು 1980ರ ದಶಕದಲ್ಲಿ ಒಂದು ಒಳ್ಳೆಯ ಉಪಾಯ ಕಂಡುಹಿಡಿದರು. ಬಣ್ಣಬಣ್ಣದ ಪಟ್ಟಿಗಳಿರುವ ಒಂದು ಟೇಪು. ಮಗುವಿನ ಪಕ್ಕದಲ್ಲಿ ನೆತ್ತಿಯಿಂದ ಹಿಮ್ಮಡಿಯವರೆಗೆ ಹಾಸಿದರೆ ಹಿಮ್ಮಡಿ ಯಾವ ಬಣ್ಣದ ಮೇಲೆ ಬೀಳುತ್ತದೋ ಆ ಬಣ್ಣದಲ್ಲಿ ತೂಕದ ಅಂದಾಜೂ ಔಷಧಗಳ ಪ್ರಮಾಣವೂ ಬರೆದಿರುತ್ತದೆ. ತಲೆಯಲ್ಲಿ ಲೆಕ್ಕ ಮಾಡುವ ಹೊರೆಯನ್ನೇ ಅದು ಇಳಿಸುತ್ತದೆ. ಆದರೆ ಭಾರತದ ಮಕ್ಕಳಲ್ಲಿ ಪರೀಕ್ಷಿಸಿ ನೋಡಿದಾಗ, ಹತ್ತು ಕಿಲೋಗಿಂತ ಮೇಲಿನ ಮಕ್ಕಳ ತೂಕವನ್ನು ಆ ಟೇಪು ಹೆಚ್ಚಾಗಿ ತೋರಿಸುವುದು ಕಂಡುಬಂತು. ಅಲ್ಲಿಯ ಮಕ್ಕಳ ಮೈಕಟ್ಟಿಗೆ ಮಾಡಿದ ಅಳತೆ ಅದು. ಟೇಪು ಬೇಡ ಎಂದು ನಾನು ಹೇಳುತ್ತಿಲ್ಲ. ಎದುರಿಗಿರುವ ಮಗು ಬಡಕಲಾಗಿದ್ದರೆ ಒಂದು ಬಣ್ಣ ಕೆಳಗಿಳಿದು ಯೋಚಿಸುವ ವಿವೇಕ ಸಿಸ್ಟರಿಗೆ ಇರಬೇಕು ಎನ್ನುತ್ತಿದ್ದೇನೆ. ಎಲ್ಲಕ್ಕಿಂತ ಮೇಲು, ಮಗುವನ್ನು ಎತ್ತಿಕೊಂಡ ತಾಯಿಯನ್ನು ಒಮ್ಮೆ, ತಾಯಿಯನ್ನು ಮಾತ್ರ ಒಮ್ಮೆ ತೂಗಿ, ಒಂದರಿಂದ ಒಂದನ್ನು ಕಳೆಯುವುದು. ಅರ್ಧ ನಿಮಿಷದ ಕೆಲಸ. ಅದಕ್ಕೆ ತೂಕದ ಯಂತ್ರ ಕ್ಯಾಷುಯಾಲ್ಟಿಯ ಬಾಗಿಲಲ್ಲೇ ಇರಬೇಕು. ಎಷ್ಟೋ ಕಡೆ ಅದು ಹೊರರೋಗಿ ವಿಭಾಗದ ಕೋಣೆಯೊಳಗಿರುತ್ತದೆ, ರಾತ್ರಿ ಆ ಕೋಣೆಗೆ ಬೀಗ ಬಿದ್ದಿರುತ್ತದೆ.

ತೂಕ ಸಿಕ್ಕಿತು ಎನ್ನೋಣ. ಹನ್ನೆರಡು ಕಿಲೋ ಮಗು, ಫಿಟ್ಸ್ ನಿಲ್ಲುತ್ತಿಲ್ಲ. ಮೂಗಿಗೆ ಮಿಡಜೋಲಾಂ ಕೊಡಲು ಡಾಕ್ಟರು ಹೇಳುತ್ತಾರೆ. ಕಿಲೋಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ 2.4 ಮಿಲಿಗ್ರಾಂ. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿ ಮಾಡುತ್ತಾರೆ. ಆದರೆ ಅದೇ ಔಷಧ ಎರಡು ಬಲದಲ್ಲಿ ಬರುತ್ತದೆ. ಒಂದರಲ್ಲಿ ಪ್ರತಿ ಮಿಲಿಲೀಟರಿಗೆ 1 ಮಿಲಿಗ್ರಾಂ, ಇನ್ನೊಂದರಲ್ಲಿ 5. ಮೊದಲನೆಯದಾದರೆ ಸಿರಿಂಜಿಗೆ 2.4 ಎಂ.ಎಲ್. ಎಳೆಯಬೇಕು, ಎರಡನೆಯದಾದರೆ ಅರ್ಧ ಎಂ.ಎಲ್.ಗೂ ಕಡಿಮೆ. ನಿನ್ನೆಯವರೆಗೆ ಮೊದಲನೆಯದು ಸರಬರಾಜಾಗುತ್ತಿದ್ದ ಆಸ್ಪತ್ರೆಗೆ ಇವತ್ತು ಎರಡನೆಯದು ಬಂದಿದ್ದು, ಕೈ ಹಳೆಯ ಅಭ್ಯಾಸದಲ್ಲೇ ಎಳೆದರೆ ಮಗುವಿಗೆ ಐದು ಪಟ್ಟು ಔಷಧ ಹೋಗುತ್ತದೆ. ಗಣಿತ ಬಾರದೆ ಆಗುವ ತಪ್ಪಲ್ಲ ಇದು. ಲೇಬಲ್ ಓದದೆ ಆಗುವ ತಪ್ಪು. ಸ್ಟೋರಿನವರು ಬದಲಾವಣೆಯನ್ನು ಯಾರಿಗೂ ತಿಳಿಸದೆ ಆಗುವ ತಪ್ಪೂ ಹೌದು.

ಅಡ್ರಿನಲಿನ್ ಇನ್ನೂ ಕಠಿಣ. ಅಲರ್ಜಿಯಿಂದ ಮಗುವಿನ ಉಸಿರು ಕಟ್ಟಿದಾಗ ಆಂಪೂಲಿನಲ್ಲಿದ್ದಂತೆಯೇ ತೊಡೆಯ ಸ್ನಾಯುವಿಗೆ ಕೊಡುತ್ತೇವೆ, ಕಿಲೋಗೆ 0.01 ಎಂ.ಎಲ್. ಹೃದಯ ನಿಂತಾಗ ರಕ್ತನಾಳಕ್ಕೆ ಕೊಡುವ ಮುಂಚೆ ಒಂದಕ್ಕೆ ಒಂಬತ್ತು ಪಾಲು ಸಲೈನ್ ಸೇರಿಸಿ ತೆಳುವಾಗಿಸುತ್ತೇವೆ, ಆಗ ಕಿಲೋಗೆ 0.1 ಎಂ.ಎಲ್. ಮಿಲಿಗ್ರಾಂ ಲೆಕ್ಕದಲ್ಲಿ ಎರಡೂ ಒಂದೇ ಪ್ರಮಾಣ, ಸಿರಿಂಜಿನಲ್ಲಿ ಮಾತ್ರ ಹತ್ತು ಪಟ್ಟು ವ್ಯತ್ಯಾಸ. ಒಂದರ ನೆನಪಿನಲ್ಲಿ ಇನ್ನೊಂದನ್ನು ಮಾಡಿದರೆ ಮಗುವಿಗೆ ಹತ್ತು ಪಟ್ಟು ಹೋಗುತ್ತದೆ, ಇಲ್ಲವೇ ಹತ್ತನೆಯ ಒಂದು ಪಾಲಷ್ಟೇ ಹೋಗುತ್ತದೆ. ಇದೇ ಕಾರಣಕ್ಕೆ, ಲೇಬಲ್ ಮೇಲೆ ಸಾವಿರಕ್ಕೊಂದು, ಹತ್ತು ಸಾವಿರಕ್ಕೊಂದು ಎಂದು ಅನುಪಾತದಲ್ಲಿ ಬರೆಯುವ ಪದ್ಧತಿಯನ್ನು ಅಮೆರಿಕದಲ್ಲಿ 2016ರಿಂದ ಕೈಬಿಟ್ಟರು. ಈಗ ಅಲ್ಲಿ ಒಂದು ಎಂ.ಎಲ್.ನಲ್ಲಿ ಎಷ್ಟು ಮಿಲಿಗ್ರಾಂ ಎಂದಷ್ಟೇ ಬರೆಯುತ್ತಾರೆ. ಅನುಪಾತ ಓದಿ ಲೆಕ್ಕ ಹಾಕುವ ಸಮಯ ಅದಲ್ಲ ಎಂದು ಒಪ್ಪಿಕೊಂಡರು. ನಾವೂ ಒಪ್ಪಿಕೊಳ್ಳಬೇಕು.

ನನ್ನ ವಿದ್ಯಾರ್ಥಿನಿಯರಿಗೆ ನಾನು ಒಂದು ನಿಯಮ ಹೇಳಿಕೊಡುತ್ತೇನೆ. ಚಿಕ್ಕ ಮಗುವಿನ ಒಂದು ಡೋಸಿಗೆ ಎರಡನೆಯ ಆಂಪೂಲ್ ಒಡೆಯುವ ಸಂದರ್ಭ ಬಂದರೆ ಕೈ ನಿಲ್ಲಿಸು, ಗಟ್ಟಿಯಾಗಿ ಕೇಳು. ಆಂಪೂಲುಗಳು ದೊಡ್ಡವರ ಅಳತೆಯವು. ಆದ್ದರಿಂದ ಹೆಚ್ಚಿನ ಔಷಧಗಳಲ್ಲಿ ಮಗುವಿಗೆ ಕೊಟ್ಟ ಮೇಲೂ ಒಂದೇ ಆಂಪೂಲಿನಲ್ಲಿ ಸ್ವಲ್ಪ ಉಳಿಯಬೇಕು. ಉಳಿಯುವ ಬದಲು ಸಾಲದೇ ಬಂದರೆ ಎಲ್ಲೋ ಒಂದು ಬಿಂದು ಜಾರಿರುತ್ತದೆ, ಅಥವಾ ಒಂದು ಸೊನ್ನೆ ಹೆಚ್ಚಾಗಿರುತ್ತದೆ.

ಇಲ್ಲಿಯೇ ಈ ವಿಷಯದ ನಿಜವಾದ ಆಳ ಇರುವುದು. ಏಕೆಂದರೆ ಈ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಿದರೂ ಮಗು ಸಾಯಬಹುದು.

ಹಾವು ಕಚ್ಚಿದ ಮಗುವನ್ನು ನೆನೆದುಕೊಳ್ಳಿ. ಮಳೆಗಾಲದ ಸಂಜೆ, ಗದ್ದೆಬದುವಿನಲ್ಲಿ ಆಡುತ್ತಿದ್ದ ಹನ್ನೆರಡು ಕಿಲೋ ಮಗುವಿಗೆ ಕೊಳಕುಮಂಡಲ ಕಚ್ಚಿದೆ. ತಾಲೂಕು ಆಸ್ಪತ್ರೆಗೆ ತಂದಿದ್ದಾರೆ. ಕಾಲು ಊದಿದೆ, ಗಾಜಿನ ನಳಿಗೆಯಲ್ಲಿಟ್ಟ ರಕ್ತ ಇಪ್ಪತ್ತು ನಿಮಿಷವಾದರೂ ಹೆಪ್ಪುಗಟ್ಟಿಲ್ಲ. ವಿಷನಿವಾರಕ ಚುಚ್ಚುಮದ್ದು ಕೊಡಬೇಕು. ದೊಡ್ಡವರಿಗೆ ಹತ್ತು ಬಾಟಲಿ ಕೊಡುತ್ತಾರೆ. ಮಗುವಿಗೆ ಎಷ್ಟು? ಎಲ್ಲವನ್ನೂ ಕಿಲೋ ಲೆಕ್ಕದಲ್ಲಿ ಕಲಿತ ಸಿಸ್ಟರ್ ಎರಡು ಬಾಟಲಿ ಸಾಕು ಎಂದುಕೊಂಡರೆ ಅದು ದೊಡ್ಡ ಅನಾಹುತ. ಮಗುವಿಗೂ ಹತ್ತೇ ಬಾಟಲಿ. ಈ ಔಷಧ ಮೈಯ ಮೇಲೆ ಕೆಲಸ ಮಾಡುವುದಲ್ಲ, ಹಾವು ಒಳಗೆ ಬಿಟ್ಟ ವಿಷದ ಮೇಲೆ ಕೆಲಸ ಮಾಡುವುದು. ಹಾವು ಕಚ್ಚುವಾಗ ಮಗುವೆಂದು ವಿಷವನ್ನು ಕಡಿಮೆ ಮಾಡುವುದಿಲ್ಲ. ಅಷ್ಟೇ ವಿಷ ಚಿಕ್ಕ ಮೈಯಲ್ಲಿ ಹರಡಿರುವುದರಿಂದ ಮಗುವಿನ ಅಪಾಯ ದೊಡ್ಡವರಿಗಿಂತ ಹೆಚ್ಚು. ತೂಕಕ್ಕೆ ತಕ್ಕಂತೆ ಕಡಿಮೆ ಮಾಡಬೇಕಾದದ್ದು ವಿಷನಿವಾರಕವನ್ನು ಬೆರೆಸುವ ಸಲೈನನ್ನು ಮಾತ್ರ.

ಡ್ರಿಪ್ ಶುರುವಾಗಿ ಸ್ವಲ್ಪ ಹೊತ್ತಿಗೆ ಅದೇ ಮಗುವಿನ ಮೈಮೇಲೆ ದದ್ದು ಎದ್ದು, ಗಂಟಲು ಊದಿ, ಉಸಿರು ಸುಯ್ಯೆನ್ನಲು ತೊಡಗಬಹುದು. ವಿಷನಿವಾರಕ ಕುದುರೆಯ ರಕ್ತದಿಂದ ತಯಾರಾದದ್ದು. ಅದಕ್ಕೆ ಮೈ ಹೀಗೆ ತಿರುಗಿ ಬೀಳುವುದು ನಮ್ಮಲ್ಲಿ ಸಾಮಾನ್ಯ. ಈಗ ಅಡ್ರಿನಲಿನ್ ಬೇಕು. ಇದು ಕಿಲೋ ಲೆಕ್ಕದ್ದು. ಹನ್ನೆರಡು ಕಿಲೋಗೆ 0.12 ಎಂ.ಎಲ್., ತೊಡೆಗೆ. ಒಂದು ಎಂ.ಎಲ್.ನ ಸಣ್ಣ ಸಿರಿಂಜಿನಲ್ಲಿ ಎಳೆದರೆ ಮಾತ್ರ ಆ ಅಳತೆ ಕಣ್ಣಿಗೆ ಕಾಣುತ್ತದೆ. ಐದು ಎಂ.ಎಲ್. ಸಿರಿಂಜಿನಲ್ಲಿ ಅದು ಎರಡು ಗೆರೆಗಳ ನಡುವೆ ಎಲ್ಲೋ ಕಳೆದುಹೋಗುತ್ತದೆ. ಒಂದೇ ಹಾಸಿಗೆ, ಒಂದೇ ಮಗು, ಒಂದೇ ಗಂಟೆ. ಒಂದು ಔಷಧವನ್ನು ದೊಡ್ಡವರಿಗೆ ಕೊಡುವಷ್ಟೇ ಕೊಡಬೇಕು, ಇನ್ನೊಂದನ್ನು ದೊಡ್ಡವರಿಗೆ ಕೊಡುವ ಅರ್ಧ ಎಂ.ಎಲ್.ನಲ್ಲಿ ಕಾಲುಭಾಗದಷ್ಟು. ಯಾವುದು ತೂಕದ ಲೆಕ್ಕ, ಯಾವುದಲ್ಲ, ಏಕೆ ಅಲ್ಲ ಎಂಬುದನ್ನು ತಿಳಿದ ಸಿಸ್ಟರ್ ಮಾತ್ರ ಈ ಗಂಟೆಯನ್ನು ದಾಟಿಸಬಲ್ಲಳು. ಡೋಸಿನ ಪಟ್ಟಿ ಬಾಯಿಪಾಠ ಮಾಡಿದವಳಿಂದ ಇದು ಆಗುವುದಿಲ್ಲ. ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡುವುದನ್ನು ಕರ್ನಾಟಕ 2024ರಲ್ಲಿ ಕಡ್ಡಾಯ ಮಾಡಿತು. ಅದು ಒಳ್ಳೆಯ ಹೆಜ್ಜೆ. ವರದಿಯ ನಮೂನೆಯ ಜೊತೆಗೆ ಈ ಎರಡು ಲೆಕ್ಕಗಳೂ ಪ್ರತಿ ತಾಲೂಕು ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕೆಂಬುದು ನನ್ನ ಆಸೆ.

ಕ್ರಿಮಿನಾಶಕ ಕುಡಿದ ಮಗುವಿನದೂ ಹೀಗೆಯೇ. ರೈತರ ಮನೆಗಳಲ್ಲಿ ತಂಪುಪಾನೀಯದ ಬಾಟಲಿಯಲ್ಲಿ ತುಂಬಿಟ್ಟ ಕ್ರಿಮಿನಾಶಕವನ್ನು ಮಕ್ಕಳು ಕುಡಿದು ಬರುತ್ತಾರೆ. ಅನೇಕ ಕ್ರಿಮಿನಾಶಕಗಳ ವಿಷಕ್ಕೆ ಕೊಡುವ ಅಟ್ರೋಪಿನ್ ಔಷಧದ ಆಂಪೂಲಿನಲ್ಲಿ 0.6 ಮಿಲಿಗ್ರಾಂ ಇರುತ್ತದೆ. ಕಿಲೋಗೆ 0.05 ಮಿಲಿಗ್ರಾಂ ಲೆಕ್ಕದಲ್ಲಿ ಹನ್ನೆರಡು ಕಿಲೋ ಮಗುವಿಗೆ ಮೊದಲ ಡೋಸೇ ಒಂದು ಆಂಪೂಲ್. ಎದೆಯ ಗೊರಗೊರ ನಿಲ್ಲದಿದ್ದರೆ ಐದು ನಿಮಿಷಕ್ಕೊಮ್ಮೆ ದುಪ್ಪಟ್ಟು. ಕೆಲವೊಮ್ಮೆ ಹತ್ತಾರು ಆಂಪೂಲ್ ಬೇಕಾಗುತ್ತದೆ. ಇಲ್ಲಿ ಎರಡನೆಯ ಆಂಪೂಲಿಗೆ ಕೈ ಹಿಂಜರಿದರೆ ಮಗು ತನ್ನ ಎದೆಯ ನೀರಿನಲ್ಲೇ ಮುಳುಗುತ್ತದೆ. ಅಳತೆಯ ಮಾನವೂ ಎಡವಿಸಬಹುದು. ಚೇಳು ಕುಟುಕಿದ ಮಗುವಿಗೆ ಪ್ರಜೋಸಿನ್ ಮಾತ್ರೆ ಕೊಡುವ ಚಿಕಿತ್ಸೆಯನ್ನು ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ರೂಢಿಗೆ ತಂದು ಎಷ್ಟೋ ಜೀವ ಉಳಿಸಿದರು. ಅದರ ಲೆಕ್ಕ ಮೈಕ್ರೋಗ್ರಾಮಿನಲ್ಲಿದೆ, ಕಿಲೋಗೆ 30. ಮಾತ್ರೆ ಮಿಲಿಗ್ರಾಮಿನಲ್ಲಿ ಬರುತ್ತದೆ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ ಎಂಬುದು ಮರೆತ ಕ್ಷಣವೇ ಅಪಾಯದ ಕ್ಷಣ.

ಇಷ್ಟು ಕೇಳಿದ ಮೇಲೆ, ನರ್ಸುಗಳಿಗೆ ಲೆಕ್ಕ ಬರುವುದಿಲ್ಲ, ಅವರಿಗೆ ಪರೀಕ್ಷೆ ಇಡಬೇಕು ಎಂದು ಯಾರಿಗಾದರೂ ಅನ್ನಿಸಿದರೆ ತಾಳಿ ಎನ್ನುತ್ತೇನೆ. 2001ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಮಕ್ಕಳ ಚಿಕಿತ್ಸೆಯ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. 10,778 ಔಷಧ ಆದೇಶಗಳನ್ನು ಪರಿಶೀಲಿಸಿದಾಗ 616 ತಪ್ಪುಗಳು ಸಿಕ್ಕಿದ್ದವು. ಹಾನಿ ಮಾಡಬಹುದಾಗಿದ್ದ ತಪ್ಪುಗಳ ಪ್ರಮಾಣ ದೊಡ್ಡವರಲ್ಲಿ ಕಂಡದ್ದಕ್ಕಿಂತ ಮೂರು ಪಟ್ಟು. ಅವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಡಾಕ್ಟರು ಆದೇಶ ಬರೆಯುವ ಹಂತದಲ್ಲಿ. ಅಂದರೆ ತಪ್ಪು ಮೇಲಿನಿಂದಲೇ ಇಳಿದು ಬರುತ್ತದೆ. ಅದು ಮಗುವಿಗೆ ತಲುಪುವ ಮುಂಚೆ ಕೊನೆಯದಾಗಿ ನೋಡುವವಳು ನರ್ಸ್. ಅವಳ ತಿಳಿವಳಿಕೆ ಅವಳ ಒಂದು ಕೆಲಸಕ್ಕೆ ಮಾತ್ರ ಬೇಕಾದದ್ದಲ್ಲ, ಎಲ್ಲರ ತಪ್ಪನ್ನು ಹಿಡಿಯಲು ಬೇಕಾದದ್ದು.

ಹಾಗಿದ್ದರೂ ತಪ್ಪಾದಾಗ ಬೀಳುವವಳು ಅವಳೇ. 2010ರಲ್ಲಿ ಅಮೆರಿಕದ ಸಿಯಾಟಲ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಅನುಭವವಿದ್ದ ಒಬ್ಬ ನರ್ಸ್, ಎಂಟು ತಿಂಗಳ ಕೂಸಿಗೆ 140 ಮಿಲಿಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕೊಡಬೇಕಾದಲ್ಲಿ 1.4 ಗ್ರಾಂ ಕೊಟ್ಟರು. ಹತ್ತು ಪಟ್ಟು. ತಪ್ಪು ತಿಳಿದ ಕೂಡಲೇ ತಾವೇ ಹೇಳಿದರು. ಮೊದಲೇ ಬಹಳ ಕಾಯಿಲೆಯಲ್ಲಿದ್ದ ಆ ಕೂಸು ಕೆಲವು ದಿನಗಳ ಮೇಲೆ ತೀರಿಕೊಂಡಿತು. ನರ್ಸ್ ಕೆಲಸ ಕಳೆದುಕೊಂಡರು, ದಂಡ ತೆತ್ತರು, ಮರುವರ್ಷ ತಮ್ಮ ಪ್ರಾಣವನ್ನೇ ತೆಗೆದುಕೊಂಡರು. ಕೂಸಿನ ಮನೆಯವರ ದುಃಖವನ್ನು ಯಾವ ಮಾತೂ ಕಡಿಮೆ ಮಾಡಲಾರದು. ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಅಷ್ಟು ವರ್ಷ ಮಕ್ಕಳನ್ನು ನೋಡಿಕೊಂಡ ಒಬ್ಬ ನರ್ಸ್ ತಲೆಯಲ್ಲೇ ಲೆಕ್ಕ ಹಾಕಿ ಔಷಧ ಎಳೆಯಬೇಕಾದ ಪರಿಸ್ಥಿತಿ ಏಕೆ ಇತ್ತು? ಆ ತಪ್ಪು ಕೂಸಿಗೆ ತಲುಪುವ ಮುಂಚೆ ಇನ್ನೊಬ್ಬರ ಕಣ್ಣಿಗೆ ಏಕೆ ಬೀಳಲಿಲ್ಲ? ಒಬ್ಬರನ್ನು ತೆಗೆದುಹಾಕುವುದರಿಂದ ಮುಂದಿನ ಕೂಸಿಗೆ ಯಾವ ರಕ್ಷಣೆಯೂ ಸಿಗುವುದಿಲ್ಲ. ಶಿಕ್ಷೆಯ ಭಯ ಇರುವಲ್ಲಿ ತಪ್ಪುಗಳು ಮುಚ್ಚಿಹೋಗುತ್ತವೆ, ಮುಚ್ಚಿಹೋದ ತಪ್ಪಿನಿಂದ ಯಾರೂ ಕಲಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ ಹಾನಿಯನ್ನು ತಡೆಯುವ ಜಾಗತಿಕ ಕಾರ್ಯಕ್ರಮ ಆರಂಭಿಸಿದಾಗಲೂ ವ್ಯಕ್ತಿಗಳನ್ನು ದೂರುವ ಬದಲು ವ್ಯವಸ್ಥೆಯನ್ನು ಸರಿಪಡಿಸಲು ಒತ್ತು ಕೊಟ್ಟಿತು.

ನಮ್ಮಲ್ಲಿ ಕಲಿಸುವುದು ಹೇಗೆ? ನರ್ಸಿಂಗ್ ಓದಲು ಬರುವ ಅನೇಕ ಹೆಣ್ಣುಮಕ್ಕಳು, ಗಂಡುಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವರು. ಇಂಗ್ಲಿಷಿನ ಸೂತ್ರವನ್ನು ಬರೆದುಕೊಂಡು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾರೆ. ಅದೇ ಲೆಕ್ಕವನ್ನು ಕನ್ನಡದಲ್ಲಿ, ಕೈಯಲ್ಲಿ ಆಂಪೂಲ್ ಹಿಡಿಸಿ ಕೇಳಿದರೆ ಮುಖ ಅರಳುತ್ತದೆ. 'ಇದರಲ್ಲಿ ಒಟ್ಟು ಎಷ್ಟಿದೆ ನೋಡಮ್ಮ, ಈ ಮಗುವಿಗೆ ಎಷ್ಟು ಬೇಕು, ಹಾಗಾದರೆ ಎಷ್ಟು ಎಳೀತೀಯ, ಎಷ್ಟು ಉಳೀಬೇಕು?' ಉಳಿಯಬೇಕಾದದ್ದು ಎಷ್ಟು ಎಂದು ಕೇಳುವುದು ನನ್ನ ಪಾಠದಲ್ಲಿ ಬಹಳ ಮುಖ್ಯ. ಆಂಪೂಲಿನಲ್ಲಿ ಉಳಿದದ್ದನ್ನು ನೋಡಿ ತಪ್ಪು ಹಿಡಿದ ಸಿಸ್ಟರುಗಳನ್ನು ನಾನು ನೋಡಿದ್ದೇನೆ. ವರ್ಷಕ್ಕೊಂದು ತರಬೇತಿ ಶಿಬಿರ ಮಾಡಿ ಸರ್ಟಿಫಿಕೇಟ್ ಹಂಚಿದರೆ ಈ ತಿಳಿವಳಿಕೆ ಉಳಿಯುವುದಿಲ್ಲ. ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ, ಡ್ಯೂಟಿ ಬದಲಾಗುವ ಹೊತ್ತಿಗೆ, ಒಂದೇ ಔಷಧ, ಒಂದೇ ಮಗುವಿನ ಲೆಕ್ಕ. ಅಷ್ಟು ಸಾಕು.

ಡಾಕ್ಟರುಗಳಿಗೂ ಒಂದು ಮಾತು. ಬಾಯಲ್ಲಿ ಹೇಳುವಾಗ ಫಿಫ್ಟೀನ್, ಫಿಫ್ಟಿ ಎಂದು ಅವಸರದಲ್ಲಿ ಹೇಳಬೇಡಿ. ಹದಿನೈದು ಎನ್ನಿ, ಐವತ್ತು ಎನ್ನಿ. ಬರೆಯುವಾಗ ಅರ್ಧಕ್ಕೆ ಬಿಂದುವಿನ ಎಡಕ್ಕೆ ಸೊನ್ನೆ ಹಾಕಿ, ಐದಕ್ಕೆ ಬಿಂದುವಿಟ್ಟು ಬಲಕ್ಕೆ ಸೊನ್ನೆ ಹಾಕಬೇಡಿ. 5.0 ಎಂಬುದು ಮಂಕು ಬೆಳಕಿನಲ್ಲಿ 50 ಆಗುತ್ತದೆ. 'ಎಷ್ಟು ಎಂ.ಎಲ್.' ಎಂದು ಮಾತ್ರ ಹೇಳದೆ ಮಿಲಿಗ್ರಾಮನ್ನೂ ಹೇಳಿ. 'ಸರ್, ಹನ್ನೆರಡು ಕಿಲೋ ಮಗು, ಅಡ್ರಿನಲಿನ್ 0.12 ಎಂ.ಎಲ್., ತೊಡೆಗೆ, ಸರಿನಾ?' ಎಂದು ಸಿಸ್ಟರ್ ತಿರುಗಿ ಹೇಳಿದಾಗ ಸಿಡುಕಬೇಡಿ. 'ಹೌದು ಸಿಸ್ಟರ್, ಕೊಡಿ' ಎನ್ನಿ. ಒಂದು ಸಲ ಸಿಡುಕಿದರೆ ಆ ಹುಡುಗಿ ಮುಂದಿನ ಸಲ ಕೇಳುವುದಿಲ್ಲ. ಕೇಳದೇ ಹೋದ ಆ ಪ್ರಶ್ನೆ ಯಾವ ಮಗುವಿನದಾಗಿರುತ್ತದೋ ಯಾರಿಗೆ ಗೊತ್ತು.

ಕೊನೆಗೆ, ಮನೆಯಲ್ಲಿ ಕೇಳುತ್ತಿರುವ ತಂದೆತಾಯಿಯರಿಗೆ. ಜ್ವರದ ಪ್ಯಾರಾಸಿಟಮಾಲ್ ಔಷಧಿಯೇ ನಮ್ಮ ಅಂಗಡಿಗಳಲ್ಲಿ ಮೂರು ನಾಲ್ಕು ಬಲಗಳಲ್ಲಿ ಸಿಗುತ್ತದೆ. ಹತ್ತು ಕಿಲೋ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು ಸುಮಾರು 150 ಮಿಲಿಗ್ರಾಂ. ಐದು ಎಂ.ಎಲ್.ಗೆ 125 ಎಂದು ಬರೆದ ಸಿರಪ್ಪಿನಲ್ಲಿ ಅದು 6 ಎಂ.ಎಲ್., 250 ಎಂದು ಬರೆದದ್ದರಲ್ಲಿ 3 ಎಂ.ಎಲ್., ಕೂಸುಗಳ ಡ್ರಾಪ್ಸಿನಲ್ಲಿ ಒಂದೂವರೆ ಎಂ.ಎಲ್. ಮಾತ್ರ. ಡ್ರಾಪ್ಸನ್ನು 125ರ ಸಿರಪ್ಪಿನಂತೆ ಚಮಚದಲ್ಲಿ ಕುಡಿಸಿದರೆ ನಾಲ್ಕು ಪಟ್ಟು ಹೋಗುತ್ತದೆ. ಔಷಧಿಯ ಜೊತೆ ಬಂದ ಅಳತೆಯ ಮುಚ್ಚಳವನ್ನೋ ಡ್ರಾಪರನ್ನೋ ಬಳಸಿ, ಮನೆಯ ಚಮಚ ಬೇಡ. ಆಸ್ಪತ್ರೆಗೆ ಓಡುವಾಗ ಮಗುವಿಗೆ ಕೊಟ್ಟ ಔಷಧಿಯ ಬಾಟಲಿಯನ್ನು ಜೊತೆಗೆ ತನ್ನಿ, ಯಾವ ಹೊತ್ತಿಗೆ ಎಷ್ಟು ಕೊಟ್ಟಿರಿ ಎಂದು ಹೇಳಿ. 108ರ ಆಂಬುಲೆನ್ಸ್ ಬರುವುದರೊಳಗೆ ತಾಯಿ ಕಾರ್ಡನ್ನು ಚೀಲದಲ್ಲಿ ಹಾಕಿಕೊಳ್ಳಿ, ಅಂಗನವಾಡಿಯಲ್ಲಿ ತೂಗಿದ ಲೆಕ್ಕ ಅದರಲ್ಲಿರುತ್ತದೆ. ಈ ತಿಂಗಳು ನಿಮ್ಮ ಮಗುವಿನ ತೂಕ ಎಷ್ಟು ಕಿಲೋ ಎಂದು ತಿಳಿದಿಟ್ಟುಕೊಳ್ಳಿ. ಕ್ಯಾಷುಯಾಲ್ಟಿಯಲ್ಲಿ ಸಿಸ್ಟರ್ ಮೊದಲು ತೂಕ ಕೇಳಿದರೆ, ಎಳೆದ ಸಿರಿಂಜನ್ನು ಇನ್ನೊಬ್ಬರಿಗೆ ತೋರಿಸಿ ಬರುತ್ತೇನೆಂದರೆ, ದಯವಿಟ್ಟು ಆ ಅರ್ಧ ನಿಮಿಷ ಅವರನ್ನು ಅವಸರಪಡಿಸಬೇಡಿ.